ಎರಡು ರಕಾರಗಳ ಊರು

ಮೂರನೇ ತರಗತಿ ಮುಗಿಸಿದ ನನ್ನ ಮಗಳಿಗೆ ತನ್ನ ಊರಿನ ಹೆಸರು ಓದಲು ಬರುತ್ತಿರಲಿಲ್ಲ. ನನಗೆ ಅದು ಗೊತ್ತಾದದ್ದು ಬಸ್ ನಿಲ್ದಾಣದಲ್ಲಿ. ಚಳ್ಳಕೆರೆ ಕಡೆಯಿಂದ ಶೇಂಗಾ ಚೀಲ ಹೊತ್ತು ಬರುವ ಮಾವನವರಿಗಾಗಿ ಕಾಯುತ್ತಿದ್ದೆವು. ಹೊತ್ತು ಹೋಗಲಿ ಎಂದು ಎದುರಿಗಿದ್ದ ಬಸ್ಸಿನ ಬೋರ್ಡು ತೋರಿಸಿ "ಓದು ನೋಡೋಣ" ಎಂದೆ. "ಚಿತ..." ಎಂದಳು. ತುಟಿ ಕಚ್ಚಿದಳು. "ದು... ದುಗರ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಇದು ಯಾವ ಊರು ಅಮ್ಮ?" ಎಂದು ಕೇಳಿದಳು.

ಎಂಟು ವರ್ಷದಿಂದ ಅವಳು ಇದೇ ಊರಿನಲ್ಲಿದ್ದಾಳೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೋರ್ಡಿನ ಅಕ್ಷರಗಳೇ ಕಣ್ಣ ಮುಂದೆ ಇದ್ದವು. ‘ಚಿತ್ರದುರ್ಗ’ ಎಂಬ ಹೆಸರಿನಲ್ಲಿ ರಕಾರ ಎರಡು ಸಲ ಬರುತ್ತದೆ, ಎರಡು ಸಲವೂ ತನ್ನ ಸ್ವಂತ ಮುಖ ತೋರಿಸುವುದಿಲ್ಲ. ಒಮ್ಮೆ ತಕಾರದ ಕಾಲಡಿ ಜೋತುಬೀಳುತ್ತದೆ, ಇನ್ನೊಮ್ಮೆ ಗಕಾರದ ಬೆನ್ನ ಹಿಂದೆ ಅರ್ಕಾವತ್ತಾಗಿ ಕೂರುತ್ತದೆ. ಈ ಅರ್ಕಾವತ್ತಿನದು ವಿಚಿತ್ರ ಸ್ವಭಾವ. ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಕಣ್ಣು ಎರಡು ಹೆಜ್ಜೆ ಮುಂದೆ ಹೋಗಿ ನೋಡಿ, ನಾಲಿಗೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಕರೆಯಬೇಕು. ದೊಡ್ಡವರಾದ ನಮಗೆ ಈ ಕಸರತ್ತು ಮರೆತೇ ಹೋಗಿದೆ. ಹಾಗೆಂದುಕೊಳ್ಳುತ್ತೇವೆ, ಅಷ್ಟೇ. ‘ಅಜುರ್ನ’ ಎಂದು ಬರೆದ ಅಂಗಡಿಯ ಫಲಕ, ಲಾರಿಯ ಹಿಂಬದಿ ಎಷ್ಟು ನೋಡಿಲ್ಲ ನಾನು?

ಶಾಲೆ ಇಂಗ್ಲಿಷ್ ಮಾಧ್ಯಮದ್ದು. ಅದರ ಹೆಸರು ಇಲ್ಲಿ ಬೇಡ. ಕನ್ನಡಕ್ಕೆ ದಿನಕ್ಕೊಂದು ಪೀರಿಯಡ್ ಇತ್ತು, ಅದರಲ್ಲಿ ಕಪ್ಪುಹಲಗೆಯ ಮೇಲಿನದನ್ನು ನೋಡಿ ಬರೆಯುವುದೇ ಕೆಲಸ. ಮಗಳ ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ಪೋಷಕರ ಸಭೆಯಲ್ಲಿ ಅವಳ ನೋಟ್‌ಬುಕ್ ಎತ್ತಿ ತೋರಿಸಿದ್ದರು, ನಾನೂ ಉಬ್ಬಿದ್ದೆ. ತಾನು ಬರೆದ ಪುಟವನ್ನೇ ಅವಳು ಓದಲಾರಳು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಕೂಡ. ಅವಳು ಅಕ್ಷರ ಬರೆಯುತ್ತಿರಲಿಲ್ಲ, ಚಿತ್ರ ಬಿಡಿಸುತ್ತಿದ್ದಳು.

ಕಣ್ಣು ತೋರಿಸಿದೆವು, ಕಿವಿ ತೋರಿಸಿದೆವು. ದಾವಣಗೆರೆಗೆ ಹೋಗಿ ಮಕ್ಕಳ ಕಲಿಕೆಯ ತೊಂದರೆ ನೋಡುವವರಿಗೂ ತೋರಿಸಿದೆವು. ಅವರು ಎರಡು ದಿನ ಪರೀಕ್ಷೆ ಮಾಡಿ, ತೊಂದರೆಯಲ್ಲ, ಓದು ಕಲಿಸಿಯೇ ಇಲ್ಲ ಎಂದರು. (ತೊಂದರೆ ಇದ್ದಿದ್ದರೆ ನಾನು ಮುಂದೆ ಹೇಳುವ ಮನೆಮದ್ದು ಸಾಲುತ್ತಿರಲಿಲ್ಲ. ಆ ಪರೀಕ್ಷೆ ಮಾಡಿಸದೆ ಯಾರೂ ಈ ದಾರಿ ಹಿಡಿಯಬೇಡಿ.) ಹಾಗಿದ್ದರೆ ಕಲಿಸುವವರು ಯಾರು? ನಾನು ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವಳು. ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಒಂದು ವರ್ಷ ಶಾಲೆ ಬಿಡಿಸಿ ನಾನೇ ಕಲಿಸುತ್ತೇನೆ ಎಂದಾಗ ಯಜಮಾನರು ಊಟ ಬಿಟ್ಟು ಎದ್ದರು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳೆಲ್ಲರಿಗೂ ಶಾಲೆಯ ಹಕ್ಕು ಕೊಡುತ್ತದೆ, ಮನೆಪಾಠದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದೇ ಕಾಯ್ದೆಯಲ್ಲಿ, ನಡುವೆ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಎಂದೂ ಇದೆ. ಆ ಸಾಲು ತೋರಿಸಿದ ಮೇಲೆ ಅವರು ಮತ್ತೆ ತಟ್ಟೆಯ ಮುಂದೆ ಕೂತರು. ಮಗು ಶಾಲೆಗೇಕೆ ಬರುತ್ತಿಲ್ಲ ಎಂದು ಇಲಾಖೆಯಿಂದ ಒಬ್ಬರು ಎರಡು ಸಲ ಮನೆಗೆ ಬಂದು ಹೋದರು. ಬಂದವರು ಒಳ್ಳೆಯವರು. ಎರಡನೆಯ ಸಲ ಬಂದಾಗ ಅವಳಿಂದ ಒಂದು ಪದ್ಯ ಓದಿಸಿ, ಚಹಾ ಕುಡಿದು ಹೋದರು.

ಜೂನ್‌ನಲ್ಲಿ ಶುರು ಮಾಡಿದೆ. ಮೊದಲು ಕೈಗೆತ್ತಿಕೊಂಡದ್ದು ಗೋವಿನ ಹಾಡು. ಯಾರು ಬರೆದರೋ ತಿಳಿಯದ, ಆದರೆ ಕನ್ನಡಿಗರೆಲ್ಲರ ಬಾಯಲ್ಲಿರುವ ಕಥೆ. ಮೊದಲ ದಿನವೇ ಮಗಳು "ಧರಣಿ ಮಂಡಲ ಮಧ್ಯದೊಳಗೆ" ಎಂದು ಸರಸರನೆ ಓದಿಬಿಟ್ಟಳು. ಹತ್ತು ದಿನ ಹೀಗೇ ನಡೆಯಿತು. ನಾನು ಯಜಮಾನರ ಮುಂದೆ ಬೀಗಿದ್ದೇ ಬೀಗಿದ್ದು. ಹನ್ನೊಂದನೆಯ ದಿನ ಒಲೆಯ ಮೇಲೆ ಹಾಲು ಉಕ್ಕಿ ನಾನು ಎದ್ದು ಹೋದೆ. ಬಂದು ನೋಡಿದರೆ ಅವಳ ಬಾಯಿ ಹುಲಿಯ ಗವಿಯಲ್ಲಿದೆ, ಬೆರಳು ಇನ್ನೂ ದೊಡ್ಡಿಯಲ್ಲಿದೆ. ಎರಡು ಪುಟದ ಅಂತರ! ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಹಾಡು ಅವಳಿಗೆ ಬಾಯಿಪಾಠ. ಓದುತ್ತಿದ್ದದ್ದು ಪುಸ್ತಕವನ್ನಲ್ಲ.

ಸಿಟ್ಟು ಬಂತು, ನಿಜ ಹೇಳಬೇಕು. ಅವಳ ಮೇಲಲ್ಲ. ಪುಸ್ತಕ ಎತ್ತಿಟ್ಟು, ಅವಳಿಗೆ ಗೊತ್ತಿಲ್ಲದ್ದನ್ನೇ ಓದಿಸುತ್ತೇನೆಂದು ದಿನಪತ್ರಿಕೆ ತಂದೆ. ‘ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ’ ಎನ್ನುವಲ್ಲಿಗೆ ಅವಳೂ ನಿಂತಳು, ನಾನೂ ನಿಂತೆ.

ದಾರಿ ತೋರಿಸಿದ್ದು ಕತ್ತರಿ. ಬ್ಲೌಸಿನ ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಹಾಡಿನ ಸಾಲುಗಳನ್ನು ದೊಡ್ಡದಾಗಿ ಬರೆದೆ. ಒಂದೊಂದು ಸಾಲನ್ನೂ ಪಟ್ಟಿಯಾಗಿ ಕತ್ತರಿಸಿ ಮೊರದಲ್ಲಿ ಹಾಕಿ ಕಲಸಿದೆ. ಅವಳು ಹಾಡಬೇಕು, ಹಾಡಿದ ಸಾಲನ್ನು ಮೊರದಿಂದ ಹುಡುಕಿ ತೆಗೆಯಬೇಕು. ಮುಂದೆ ಬರುವ ಸಾಲು ಯಾವುದೆಂದು ಕಿವಿಗೆ ಗೊತ್ತು. ಅದು ನೋಡಲು ಹೇಗಿದೆ ಎಂದು ಕಣ್ಣು ಹುಡುಕಬೇಕು. ‘ಗಂಗೆ ಬಾರೆ ಗೌರಿ ಬಾರೆ’ ಬೇಗ ಸಿಕ್ಕಿತು, ಒಂದೇ ಪದ ಎರಡು ಸಲ ಇದೆಯಲ್ಲ. ‘ಕರ್ಣಾಟ ದೇಶ’ ಸಿಗಲಿಲ್ಲ. ಕಕಾರದ ಪಕ್ಕದಲ್ಲಿ ರಕಾರವಿರುವ ಪಟ್ಟಿಗಾಗಿ ಮೊರವನ್ನೆಲ್ಲ ತಡಕಾಡಿದಳು. ಕೊನೆಗೆ ಉಳಿದದ್ದು ಅದೊಂದೇ ಪಟ್ಟಿ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ರ ಹಿಂದೆ ಬಚ್ಚಿಟ್ಟುಕೊಂಡಿದೆ!" ಎಂದಳು. ಮೂರು ವರ್ಷ ಶುಲ್ಕ ಕಟ್ಟಿದರೂ ಬಾರದ ಅರ್ಕಾವತ್ತು ಅಲ್ಲಿ, ಮೊರದ ಮೂಲೆಯಲ್ಲಿ ಬಂತು. ನಾನು ಶತ್ರು ಎಂದುಕೊಂಡಿದ್ದ ಬಾಯಿಪಾಠವೇ ಅವಳ ಕೈ ಹಿಡಿದು ಅಕ್ಷರದ ಮುಂದೆ ನಿಲ್ಲಿಸಿತ್ತು.

ಆಮೇಲೆ ವಚನಗಳು. ಇಲ್ಲಿ ಒಂದು ಸಂಗತಿ ಹೇಳಲೇಬೇಕು, ಬಿ.ಎ.ಯಲ್ಲಿ ಮೂರು ವರ್ಷ ಕೂತರೂ ನನಗೆ ಕಾಣದೇ ಹೋದದ್ದು. ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನವನ್ನು ಒಮ್ಮೆ ಎಳೆಯ ಓದುಗರ ಕಣ್ಣಿನಿಂದ ನೋಡಿ. ‘ಹುಸಿಯ ನುಡಿಯಲು ಬೇಡ, ಮುನಿಯಬೇಡ’ ಎನ್ನುವವರೆಗೆ ಒಂದೇ ಒಂದು ಒತ್ತಕ್ಷರವಿಲ್ಲ. ಮೊದಲ ಒತ್ತು ಬರುವುದು ‘ಅನ್ಯರಿಗೆ’ ಎಂಬಲ್ಲಿ. ಪ್ರತಿ ಮಾತಿನ ಕೊನೆಗೂ ‘ಬೇಡ’ ಎಂಬ ಮೆಟ್ಟಿಲು. ಕಾಗುಣಿತ ಬಂದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಸಮಿತಿಯೂ ಬರೆಯಲಾರದು. ಈ ವಚನವನ್ನು ಅವಳು ಮೊದಲು ಕೇಳಿರಲಿಲ್ಲ. ಹಾಗಾಗಿ ಅವಳು ನಿಜವಾಗಿ ಓದಿದ ಮೊದಲ ಸಾಲು ಅದು. ಮಾರನೆಯ ದಿನ ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿತ್ತು: ‘ಉಪ್ಪಿಟ್ಟು ಬೇಡ’. ಎರಡು ಒತ್ತೂ ಸರಿಯಾಗಿದ್ದವು. ಆ ದಿನ ಉಪ್ಪಿಟ್ಟು ಮಾಡಲಿಲ್ಲ.

ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಒಂದು ತಪ್ಪು ಮಾಡಿದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ ನನಗೆ ಪ್ರಾಣ. ಕಾಲೇಜಿನಲ್ಲಿ ಚಂದ್ರಮತಿಯ ಪ್ರಲಾಪ ಕೇಳಿ ಅತ್ತವಳು ನಾನು. ಅದನ್ನೇ ಸರಳ ಮಾಡಿ ಹೇಳುತ್ತಾ, ನಡುನಡುವೆ ಓದಿಸುತ್ತಾ ಹೋದೆ. ಲೋಹಿತಾಶ್ವನಿಗೆ ಹಾವು ಕಚ್ಚಿದ ಮಧ್ಯಾಹ್ನ ಮಗಳು ಪುಸ್ತಕ ಮುಚ್ಚಿ ಮಂಚದಡಿ ಸೇರಿಕೊಂಡಳು. ಒಂದು ವಾರ ಯಾವ ಪುಸ್ತಕವನ್ನೂ ಮುಟ್ಟಲಿಲ್ಲ. ದೊಡ್ಡವರು ಅತ್ತು ಸುಖಪಡುವ ಕಾವ್ಯವನ್ನು ಎಂಟು ವರ್ಷದವಳ ಕೈಗೆ ಕೊಟ್ಟದ್ದು ನನ್ನ ಆಸೆಬುರುಕತನ. ಕೊನೆಗೆ ಆ ಮಗು ಬದುಕುತ್ತದೆ ಎಂದು ಹೇಳಿದರೂ ನಂಬಲಿಲ್ಲ. "ನೀನು ಸುಮ್ಮನೆ ಹೇಳುತ್ತೀಯ" ಎಂದಳು.

ಶ್ರಾವಣದಲ್ಲಿ ಮಾವನವರು ಬಂದರು, ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಅವರದು ಚಳ್ಳಕೆರೆ ತಾಲ್ಲೂಕಿನ ತಳುಕಿನ ಕಡೆಯ ಹಳ್ಳಿ. ತ.ರಾ.ಸು. ಅವರ ಹೆಸರಿನ ಮೊದಲ ‘ತ’ ಇದೇ ತಳುಕು. ಕುವೆಂಪು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ ಗುರು ವೆಂಕಣ್ಣಯ್ಯನವರೂ ತಳುಕಿನವರೇ. ಮಾವನವರಿಗೆ ಇದಾವುದೂ ಗೊತ್ತಿಲ್ಲ. ಅವರು ಓದಿದ್ದು ಎರಡನೇ ತರಗತಿ, ಸಹಿ ಹಾಕುತ್ತಾರೆ. ಆಪರೇಷನ್ ಆದ ಮೇಲೆ ದೂಳಿನಲ್ಲಿ ತಿರುಗಬಾರದೆಂದು ಹೇಳಿದ್ದರಿಂದ ನಮ್ಮ ಮನೆಯಲ್ಲೇ ಉಳಿದರು. ಒಂದು ಕಣ್ಣಿಗೆ ಹಸಿರು ಬಟ್ಟೆಯ ಮರೆ, ಇನ್ನೊಂದರಲ್ಲಿ ಮಂಜು. ನಡುಮನೆಯಲ್ಲಿ ಕೂತು ಶೇಂಗಾ ಸುಲಿಯುತ್ತಾ ನಮ್ಮ ಪಾಠ ಕೇಳುತ್ತಿದ್ದರು.

ಆ ಹೊತ್ತಿಗೆ ನಾನು ಎ.ಆರ್. ಕೃಷ್ಣಶಾಸ್ತ್ರಿಗಳ ವಚನಭಾರತವನ್ನು ರಾತ್ರಿ ಓದಿ ಹೇಳುತ್ತಿದ್ದೆ. ಹರಿಶ್ಚಂದ್ರ ಮುರಿದದ್ದನ್ನು ಭೀಮ ಕಟ್ಟಿಕೊಡುತ್ತಾನೆ ಎಂಬ ನಂಬಿಕೆ. ಭಾರತದಲ್ಲಿ ಇನ್ನೊಂದು ಲಾಭ: ಅದರ ತುಂಬ ಅರ್ಕಾವತ್ತಿನ ಜನ. ಕರ್ಣ, ಅರ್ಜುನ, ಧರ್ಮರಾಯ, ದುರ್ಯೋಧನ. ಒಬ್ಬೊಬ್ಬರ ಹೆಸರಿನಲ್ಲೂ ರಕಾರ ಬೆನ್ನ ಹಿಂದೆ ಕೂತಿದೆ. ಮಗಳು ಒಬ್ಬೊಬ್ಬರನ್ನೇ ಹಿಡಿಯುತ್ತಾ ಹೋದಳು. ಒಂದು ರಾತ್ರಿ ವಿರಾಟಪರ್ವ ಬಂದಾಗ ಮಾವನವರು ಕತ್ತಲಿನಿಂದಲೇ, "ಮಳೆ ಬರಿಸುವ ಪರ್ವ" ಎಂದರು.

ಅವರ ಹಳ್ಳಿಯಲ್ಲಿ ಮಳೆ ಕೈಕೊಟ್ಟ ವರ್ಷ ಆಂಜನೇಯನ ಗುಡಿಯಲ್ಲಿ ವಿರಾಟಪರ್ವ ಓದಿಸುತ್ತಿದ್ದರಂತೆ. ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಓದುವವರು ಒಂದು ಪದ್ಯ ರಾಗವಾಗಿ ಹೇಳಿ ನಿಲ್ಲುತ್ತಾರೆ. ಅರ್ಥದವರು ಅದನ್ನು ಊರ ಮಾತಿನಲ್ಲಿ ಬಿಡಿಸುತ್ತಾರೆ. ಕೂತು ಕೇಳುವ ನೂರು ಜನರಲ್ಲಿ ಅಕ್ಷರ ಬಂದವರು ನಾಲ್ಕೋ ಐದೋ ಮಂದಿ. "ಮಳೆ ಬರುತ್ತಿತ್ತೇ ತಾತ?" ಎಂದು ಮಗಳು ಕೇಳಿದಳು. "ಒಮ್ಮೊಮ್ಮೆ ಬರುತ್ತಿತ್ತು ಅವ್ವಾ. ಬಾರದಿದ್ದರೆ ಇನ್ನೊಂದು ಸಲ ಓದಿಸುತ್ತಿದ್ದೆವು" ಎಂದರು.

ಕಲಿಸುವ ಕೆಲಸ ಅಂದಿನಿಂದ ಬದಲಾಯಿತು. ನನಗೆ ಆವರೆಗೆ ಓದು ಎಂದರೆ ಮಗು, ಪುಸ್ತಕ, ಮಧ್ಯೆ ಯಾರೂ ಇಲ್ಲ. ಈಗ ಮಗಳು ಓದುವವಳು, ತಾತ ಅರ್ಥದವರು. ಅವಳಿಗೆ ಅಕ್ಷರ ಕಾಣುತ್ತದೆ, ಅರ್ಥ ತಿಳಿಯದು. ಅವರಿಗೆ ಅರ್ಥ ತಿಳಿಯುತ್ತದೆ, ಅಕ್ಷರ ಕಾಣದು. ಅವಳು ತಪ್ಪು ಓದಿದರೆ ಅರ್ಥ ಹುಟ್ಟುವುದಿಲ್ಲ, ಅವರು "ಏನೋ ಕೆಟ್ಟಿತು, ಮತ್ತೆ ಓದು" ಎನ್ನುತ್ತಾರೆ. ನಾನು ತಿದ್ದಿದರೆ ಮುಖ ಊದಿಸಿಕೊಳ್ಳುತ್ತಿದ್ದವಳು ಅವರಿಗಾಗಿ ಹತ್ತು ಸಲ ಓದುತ್ತಿದ್ದಳು. ಅವರಿಗೆ ಕಾಣುವುದಿಲ್ಲವಲ್ಲ, ಇವಳು ಓದಲೇಬೇಕು.

ಹೀಗೆ ಕುಮಾರವ್ಯಾಸನಿಗೆ ಬಂದೆವು. ಇಡೀ ಪುಸ್ತಕವಲ್ಲ, ಆರಿಸಿದ ಪದ್ಯಗಳು. ಅವುಗಳಲ್ಲಿ ಒಂದು ಒಗಟಿನ ಪದ್ಯ, ‘ವೇದಪುರುಷನ ಸುತನ ಸುತನ’ ಎಂದು ಆರಂಭವಾಗುವುದು. ಅದರ ಮೇಲೆ ನಾವು ಒಂಬತ್ತು ದಿನ ಕೂತೆವು.

ಮೊದಲ ಸಾಲು ‘ಸುತನ ಸ’ ಎಂದು ಮುಗಿಯುತ್ತದೆ. ಎರಡನೆಯದು ‘ಹೋದರನ’ ಎಂದು ಶುರುವಾಗುತ್ತದೆ. ಮಗಳು ಪುಸ್ತಕದಲ್ಲಿ ತಪ್ಪು ಅಚ್ಚಾಗಿದೆ ಎಂದಳು. ಸ ಎಂಬ ಒಂಟಿ ಅಕ್ಷರ ಅಲ್ಲೇಕೆ? ಅದನ್ನು ಕೆಳಗಿನ ಸಾಲಿಗೆ ಸೇರಿಸಿ ‘ಸಹೋದರನ’ ಎಂದು ಬರೆಯಬಾರದೇ? ಒಳ್ಳೆಯ ಪ್ರಶ್ನೆ. ಕಾಲೇಜಿನ ಛಂದಸ್ಸು ಆಗ ಕೆಲಸಕ್ಕೆ ಬಂತು. ಮಾವನವರ ಮಡಿಲಿನಿಂದ ಸುಲಿದ ಶೇಂಗಾ ಬೀಜ ತಂದು ನೆಲದ ಮೇಲೆ ಇಟ್ಟೆವು. ಹ್ರಸ್ವಕ್ಕೆ ಒಂದು ಬೀಜ, ದೀರ್ಘಕ್ಕೆ ಎರಡು. ವೇ ಎರಡು, ದ ಒಂದು, ಅಲ್ಲಿಗೆ ಮೂರು. ಪುರುಷನ ನಾಲ್ಕು. ಸುತನ ಮೂರು. ಆಮೇಲೆ ಸುತನ ಸ, ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು, ಒಟ್ಟು ಹದಿನಾಲ್ಕು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಅಷ್ಟೇ ಬೀಜ. ‘ಸ’ವನ್ನು ಕೆಳಗೆ ಇಳಿಸಿದರೆ ಇಲ್ಲಿ ಹದಿಮೂರಾಗುತ್ತದೆ, ಅಲ್ಲಿ ಹದಿನೈದು. ಅವಳು ಬೀಜವನ್ನು ಮೇಲಿನಿಂದ ಕೆಳಗಿಟ್ಟಳು, ಕೆಳಗಿನಿಂದ ಮೇಲಿಟ್ಟಳು, ಕೊನೆಗೆ ಮೇಲೆಯೇ ಬಿಟ್ಟಳು. ಹೆಚ್ಚುವರಿ ಬೀಜಗಳನ್ನು ತಿಂದಳು.

ತಾತನಿಗೆ ಈ ಲೆಕ್ಕವೆಲ್ಲ ಬೇಕಿರಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ, "ಕಣ್ಣು ನಿಂತರೂ ಉಸಿರು ನಿಲ್ಲಬಾರದು" ಎಂದರು. ಸಾಲು ಮುಗಿದಲ್ಲಿ ಪದ ಮುಗಿಯುವುದಿಲ್ಲ, ಹಾಗಾಗಿ ಕಣ್ಣು ಬಾಯಿಗಿಂತ ಮುಂದೆ ಓಡಿ ಕೆಳಗಿನ ಸಾಲನ್ನು ಹಿಡಿದಿರಬೇಕು. ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ಎಣಿಸುತ್ತಿದ್ದವಳಿಗೆ ಇದು ಹೊಸದು. ‘ಸ’ದಿಂದ ‘ಹೋ’ಗೆ ಜಿಗಿಯಲು, ಮುಂದಿನ ಸಾಲಿನಲ್ಲಿ ‘ತ’ದಿಂದ ‘ಳೋದರಿ’ಗೆ ಜಿಗಿಯಲು ಮೂರು ದಿನ ಬೇಕಾಯಿತು. ಜಿಗಿದ ಮೇಲೆ ಬೆರಳು ತಾನಾಗಿ ಪುಸ್ತಕದಿಂದ ಎದ್ದಿತು. ಮತ್ತೆ ಇಳಿಯಲಿಲ್ಲ. ಆರೂ ಸಾಲುಗಳ ಎರಡನೆಯ ಅಕ್ಷರ ದಕಾರವೇ ಎಂದು ಕಂಡುಹಿಡಿದವಳು ಅವಳೇ. ವೇದ, ಹೋದ, ಳೋದ, ಕಾದಿ, ನಾದಿ, ನಾದಿ. ಅದಕ್ಕೆ ಪ್ರಾಸ ಎನ್ನುತ್ತಾರೆ ಎಂದು ನಾನು ಹೇಳಿದ್ದು ಆಮೇಲೆ.

ಇನ್ನು ಒಗಟು. ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ನಡುಮನೆಯ ನೆಲದ ಮೇಲೆ ವಂಶ ಬರೆದೆವು. ವೇದಪುರುಷ ವಿಷ್ಣು, ಅವನ ಮಗ ಬ್ರಹ್ಮ, ಅವನ ಮಗ ನಾರದ, ನಾರದನ ಸಹೋದರ ಮರೀಚಿ, ಮರೀಚಿಯ ಮೊಮ್ಮಗ ಇಂದ್ರ, ಇಂದ್ರನ ಮಗ ಅರ್ಜುನ, ಅವನ ಹೆಂಡತಿ ಸುಭದ್ರೆ, ಅವಳ ಸೋದರಮಾವ ಕಂಸ, ಕಂಸನ ಮಾವ ಜರಾಸಂಧ, ಅವನನ್ನು ಗೆದ್ದ ಭೀಮ, ಭೀಮನ ಅಣ್ಣ ಧರ್ಮರಾಯ, ಅವರ ಅವ್ವೆ ಕುಂತಿ, ಕುಂತಿಯ ನಾದಿನಿ ದೇವಕಿ, ದೇವಕಿಯ ಹೊಟ್ಟೆಯಲ್ಲಿ ಹುಟ್ಟಿದವನು ಕೃಷ್ಣ. ನಾನು ಉತ್ತರ ಹೇಳಲಿಲ್ಲ. ಒಂದೊಂದು ನೆಂಟಸ್ತಿಕೆಯನ್ನೂ ಅವಳು ಓದಿ ಕೇಳಬೇಕು, ತಾತ ನೆನಪಿನಿಂದ ತೆಗೆಯಬೇಕು. ಮರೀಚಿಯ ಹತ್ತಿರ ತಾತನಿಗೂ ಅರ್ಧ ದಿನ ಬೇಕಾಯಿತು. ಚಾಕಿನ ಗೆರೆ ಅಡುಗೆಮನೆಯ ಹೊಸ್ತಿಲಿನಿಂದ ಹೊಲಿಗೆ ಯಂತ್ರದವರೆಗೆ ಹೋಗಿ ತಿರುಗಿ ಬಂತು. ಬ್ಲೌಸ್ ಒಯ್ಯಲು ಬಂದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಕಂಸನನ್ನು ದಾಟಿ, ತುದಿಗಾಲಲ್ಲಿ ಒಳಗೆ ಬಂದರು. ಮಗಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಅವ್ವೆ’ ಎಂಬ ಮಾತು. "ಕುಮಾರವ್ಯಾಸನೂ ತಾತನ ಹಾಗೆಯೇ ಮಾತನಾಡುತ್ತಾನೆ" ಎಂದಳು.

ದೀಪಾವಳಿಯ ಹೊತ್ತಿಗೆ ತಾತನ ಕಣ್ಣು ತಿಳಿಯಾಯಿತು. ಮೂವರೂ ಕೋಟೆಗೆ ಹೋದೆವು. ನಮ್ಮ ಬೆಟ್ಟದಲ್ಲಿ ಹಿಡಿಂಬನಿದ್ದ, ಭೀಮ ಅವನನ್ನು ಕೊಂದದ್ದು ಇಲ್ಲಿಯೇ ಎಂದು ಊರಿನ ನಂಬಿಕೆ. ಹಿಡಿಂಬೇಶ್ವರನ ಗುಡಿಯೇ ಇದೆ, ಹಿಡಿಂಬನ ಹಲ್ಲು ಎಂದು ಹೇಳುವ ತುಂಡೊಂದೂ ಇದೆ. ಆದಿಪರ್ವದ ಹಿಡಿಂಬನನ್ನು ಓದಿ ಮುಗಿಸಿದ್ದ ಮಗಳಿಗೆ ಇದು ಪಕ್ಕದ ಮನೆಯ ಸುದ್ದಿ. ಆದರೆ ಅವಳ ಗಮನ ಹೋದದ್ದು ಫಲಕಗಳ ಮೇಲೆ. ಹಿಡಿಂಬೇಶ್ವರ, ಏಕನಾಥೇಶ್ವರಿ, ಸಿದ್ಧೇಶ್ವರ. ಬೆಟ್ಟದ ತುಂಬ ‘ಶ್ವ’. ಪ್ರತಿ ಗುಡಿಯ ಮುಂದೆಯೂ ನಿಂತು, ಓದಿ, ಮುಂದೆ ಹೋಗುತ್ತಿದ್ದಳು. ಏಳು ಸುತ್ತು ಇಳಿದು ಕೆಳಗೆ ಬಂದಾಗ ಬಸ್ಸೊಂದು ಹೋಯಿತು. "ಹೊಸದುರ್ಗ" ಎಂದಳು. ಓದಿದ್ದು ತನಗೇ ಗೊತ್ತಾಗದ ಹಾಗೆ, ನಾವು ಓದುವ ಹಾಗೆ. ನಾನು ಏನೂ ಹೇಳಲಿಲ್ಲ. ಶೇಂಗಾ ಕೊಡಿಸಿದೆ.

ಮರುವರ್ಷ ಜೂನ್‌ನಲ್ಲಿ ಮನೆಯ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದೆವು, ಐದನೇ ತರಗತಿಗೆ. ಗಣಿತದಲ್ಲಿ ಹಿಂದಿದ್ದಾಳೆ, ಅದು ನನ್ನ ತಪ್ಪು. ನೆಲದ ಮೇಲೆ ವಂಶವೃಕ್ಷ ಬರೆದ ದಿನಗಳಲ್ಲಿ ಭಾಗಾಕಾರವನ್ನು ನಾವು ಮುಟ್ಟಿರಲಿಲ್ಲ. ಇಂಗ್ಲಿಷ್ ಈಗ ಮತ್ತೆ ಶುರುವಾಗಿದೆ. ಕನ್ನಡ ಓದಲು ಬಂದ ಮೇಲೆ ಅದು ಅಷ್ಟು ಕಷ್ಟವೆನಿಸುತ್ತಿಲ್ಲ.

ಈ ಬೇಸಿಗೆಯಲ್ಲಿ ತಾತನ ಹಳ್ಳಿಗೆ ಹೋಗಿದ್ದೆವು. ಜಗಲಿಯ ಮೇಲೆ ಮಗಳು ವಚನಭಾರತ ಹಿಡಿದು ಕೂತಿದ್ದಳು, ತುಟಿ ಅಲುಗಾಡುತ್ತಿರಲಿಲ್ಲ. ಮಾವನವರು ಅವಳ ಪಕ್ಕದಲ್ಲಿ ಬಹಳ ಹೊತ್ತು ಕಾದರು. ಆಮೇಲೆ ನನ್ನನ್ನು ಕರೆದು ಮೆಲ್ಲಗೆ, "ತಾಯಿ, ಮಗು ಓದುವುದನ್ನು ಬಿಟ್ಟುಬಿಟ್ಟಿತೇ?" ಎಂದು ಕೇಳಿದರು.

"ಓದುತ್ತಿದ್ದಾಳೆ ಮಾವ. ಮನಸ್ಸಿನಲ್ಲಿ ಓದುತ್ತಿದ್ದಾಳೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ನನಗೆ?" ಎಂದರು.

ಮಗಳು ತಲೆ ಎತ್ತಿದಳು. "ಎಲ್ಲಿಂದ ಓದಲಿ ತಾತ?"

"ಹೋದ ಸಲ ನಿಲ್ಲಿಸಿದೆವಲ್ಲ, ಅಲ್ಲಿಂದ."

"ಅಯ್ಯೋ, ಅದು ಎಷ್ಟೋ ಹಿಂದೆ" ಎಂದು ಗೊಣಗುತ್ತಲೇ ಪುಟ ಹಿಂದಕ್ಕೆ ತಿರುವತೊಡಗಿದಳು. ಮಾವನವರು ಶೇಂಗಾ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು.